ಏಕಶಿಲಾ ಬೆಟ್ಟಗಳ ಛಾಯಾಚಿತ್ರಣದಲ್ಲಿ ಕ್ರಮಸಾಂದ್ರ ಶೋಧಕಗಳ ಆಯ್ಕೆ

ಗೊರವನಹಳ್ಳಿಯಿಂದ ಮಧುಗಿರಿಯವರೆಗಿನ ಪ್ರದೇಶದಲ್ಲಿ ಭೂದೃಶ್ಯಗಳ ಛಾಯಾಚಿತ್ರ ತೆಗೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಬೆಳಕಿನದು. ಆಕಾಶವು ಬೆಳ್ಳಗೆ ಹೊಳೆಯುತ್ತಿರುವಾಗ ಕೆಳಗಿನ ಕೆಮ್ಮಣ್ಣಿನ ಹೊಲವೂ ತೆಂಗಿನ ತೋಟವೂ ನೆರಳಿನಲ್ಲಿರುತ್ತವೆ. ಕಣ್ಣು ಇವೆರಡಕ್ಕೂ ಹೊಂದಿಕೊಂಡು ನೋಡಬಲ್ಲುದು. ಕ್ಯಾಮರಾ ಒಂದೇ ಗ್ರಹಣದಲ್ಲಿ ಎರಡನ್ನೂ ದಾಖಲಿಸಬೇಕು. ನೆಲಕ್ಕೆ ತಕ್ಕಷ್ಟು ಬೆಳಕು ಕೊಟ್ಟರೆ ಮೋಡಗಳು ಅಳಿಸಿಹೋಗುತ್ತವೆ. ಆಕಾಶಕ್ಕೆ ತಕ್ಕಷ್ಟು ಕೊಟ್ಟರೆ ನೆಲವು ಮಸಿಯಾಗುತ್ತದೆ. ಈ ಅಂತರವನ್ನು ತಗ್ಗಿಸಲು ಮಸೂರದ ಮುಂದೆ ಇಡುವ, ಮೇಲರ್ಧ ಬೂದು ಮತ್ತು ಕೆಳಗರ್ಧ ಪಾರದರ್ಶಕವಾದ ಫಲಕವನ್ನು ಕ್ರಮಸಾಂದ್ರ ತಟಸ್ಥ ಶೋಧಕವೆನ್ನಬಹುದು. ತಟಸ್ಥವೆಂದರೆ ಎಲ್ಲ ಬಣ್ಣಗಳ ಬೆಳಕನ್ನೂ ಸಮಪ್ರಮಾಣದಲ್ಲಿ ತಡೆಯುವಂಥದು. ಅಗ್ಗದ ಫಲಕಗಳಲ್ಲಿ ಈ ಗುಣ ಅನೇಕ ವೇಳೆ ಹೆಸರಿಗಷ್ಟೇ ಇದ್ದು, ಮೋಡಗಳಿಗೆ ನಸುಗೆಂಪು ಛಾಯೆ ಅಂಟಿಕೊಳ್ಳುತ್ತದೆ.

ಸಾಂದ್ರತೆಯ ಲೆಕ್ಕ ಸುಲಭವಾದುದು. 0.3 ಎಂದು ಗುರುತಿಸಿದ ಶೋಧಕವು ಬೆಳಕಿನ ಅರ್ಧವನ್ನೂ, 0.6ರದು ಕಾಲು ಭಾಗವನ್ನೂ, 0.9ರದು ಎಂಟನೆಯ ಒಂದು ಭಾಗವನ್ನೂ ಒಳಬಿಡುತ್ತದೆ. ಛಾಯಾಗ್ರಾಹಕರ ಮಾತಿನಲ್ಲಿ ಇವು ಒಂದು, ಎರಡು, ಮೂರು ಸ್ಟಾಪುಗಳು. ಒಂದೇ ರಂಧ್ರಕ್ಕೆ ನೆಲವು ಸೆಕೆಂಡಿನ 1/30 ಭಾಗವನ್ನೂ ಆಕಾಶವು 1/250 ಭಾಗವನ್ನೂ ಬೇಡಿದರೆ ಅಂತರ ಮೂರು ಸ್ಟಾಪು. ಅಲ್ಲಿ ನಾವು 0.9ನ್ನಲ್ಲ, 0.6ನ್ನು ಆರಿಸುತ್ತೇವೆ. ಆಕಾಶವು ನೆಲಕ್ಕಿಂತ ಸ್ವಲ್ಪ ಬೆಳಗಿರುವುದೇ ಸಹಜ. ಗೊರವನಹಳ್ಳಿಗೆ ಸಮೀಪದ ತೀತಾ ಜಲಾಶಯದಂಥ ಕಡೆ ಈ ಎಚ್ಚರ ಇನ್ನೂ ಅಗತ್ಯ. ನೀರಿನಲ್ಲಿ ಕಾಣುವ ಆಕಾಶದ ಬಿಂಬ ಆಕಾಶಕ್ಕಿಂತ ಮಂಕಾಗಿರಲೇಬೇಕು. ಬಿಂಬವೇ ಹೆಚ್ಚು ಬೆಳಗಿದರೆ ಚಿತ್ರದ ಕೃತಕತೆ ಒಡನೆ ಬಯಲಾಗುತ್ತದೆ.

ನಿಜವಾದ ಪ್ರಶ್ನೆ ಬೂದು ಮುಗಿದು ಪಾರದರ್ಶಕ ಭಾಗ ಆರಂಭವಾಗುವ ಅಂಚಿನದು. ಅಂಚು ಥಟ್ಟನೆ ಮುಗಿಯುವ ಶೋಧಕವು ಬಯಲುಸೀಮೆಯ ಸಮತಲ ದಿಗಂತಕ್ಕೂ ತುಂಬಿದ ಕೆರೆಗೂ ಒಪ್ಪುತ್ತದೆ. ಮಧುಗಿರಿಯ ಬೆಟ್ಟಕ್ಕೆ ಅದು ಒಪ್ಪದು. ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದ ಈ ಏಕಶಿಲೆ ದಿಗಂತವನ್ನು ಸೀಳಿಕೊಂಡು ಮೇಲೆದ್ದಿದೆ. ಅಂಚನ್ನು ದಿಗಂತಕ್ಕೆ ಹೊಂದಿಸಿದರೆ ಆಕಾಶದೊಡನೆ ಬೆಟ್ಟದ ಮೇಲ್ಭಾಗವೂ ಅಲ್ಲಿನ ಕೋಟೆಗೋಡೆಯೂ ಕಪ್ಪಾಗುತ್ತವೆ. ಒಂದೇ ಕಲ್ಲು ಎರಡು ಬಗೆಯ ಕಲ್ಲಾಗಿ ಕಾಣುತ್ತದೆ. ಇದು ಅಂದಚೆಂದದ ಮಾತು ಮಾತ್ರವಲ್ಲ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟ್ ಗ್ರಾನೈಟಿನ ಪಟ್ಟಿ ಈ ಸೀಮೆಯ ಮೂಲಕ ಉತ್ತರಕ್ಕೆ ಸಾಗುತ್ತದೆ. ಮಳೆನೀರು ಇಳಿದ ಜಾಡಿನಲ್ಲಿ ಇಂಥ ಬಂಡೆಗಳ ಮೇಲೆ ಮೂಡುವ ಕಪ್ಪು ಗೆರೆಗಳು ನೈಜವಾದವು, ಅಧ್ಯಯನಕ್ಕೆ ಯೋಗ್ಯವಾದವು. ಶೋಧಕ ಬಳಿದ ಕಪ್ಪು ಇವುಗಳೊಡನೆ ಬೆರೆತರೆ ಭೂವಿಜ್ಞಾನದ ವಿದ್ಯಾರ್ಥಿಗೆ ಆ ಚಿತ್ರ ಸಾಕ್ಷ್ಯವಾಗಿ ಉಳಿಯುವುದಿಲ್ಲ.

ಆದಕಾರಣ ಬೆಟ್ಟಗಳಿಗೆ ಅಂಚು ಮೆಲ್ಲನೆ ಕರಗುವ 0.6ರ ಶೋಧಕವೇ ಲೇಸೆಂದು ನಮ್ಮ ಮತ. ಅದೂ ಪೂರ್ಣ ನಿರ್ದೋಷಿಯಲ್ಲ. ಶಿಖರವನ್ನು ಕೊಂಚ ಮಬ್ಬಾಗಿಸುತ್ತದೆ. ಅಂಚಿನ ಮೃದುತ್ವ ಶೋಧಕವೊಂದನ್ನೇ ಅವಲಂಬಿಸಿಯೂ ಇಲ್ಲ: ಮಸೂರದ ನಾಭಿದೂರ ಹೆಚ್ಚಿದಷ್ಟೂ ಅಂಚು ಹರಡಿಕೊಳ್ಳುತ್ತದೆ, ರಂಧ್ರವನ್ನು ಕಿರಿದುಗೊಳಿಸಿದಷ್ಟೂ ಗೆರೆಯಂತೆ ಎದ್ದು ಕಾಣುತ್ತದೆ. ತಿರುಪಿನಿಂದ ಕೂರಿಸುವ ದುಂಡು ಶೋಧಕಗಳಲ್ಲಿ ಅಂಚು ನಡುವೆಯೇ ನಿಂತುಬಿಡುವುದರಿಂದ, ಚೌಕಟ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಸರಿಸಬಹುದಾದ ಆಯತಾಕಾರದ ಫಲಕವನ್ನೇ ಕೊಳ್ಳುವುದು ಮೇಲು. ಸೂರ್ಯನು ಛಾಯಾಗ್ರಾಹಕನ ಬೆನ್ನ ಹಿಂದಿದ್ದು ಬಂಡೆಯೇ ಬೆಳಗುತ್ತಿರುವಾಗ ಯಾವ ಶೋಧಕವೂ ಸಾಮಾನ್ಯವಾಗಿ ಬೇಕಾಗದು.

ಬೇರೆಬೇರೆ ಅವಧಿಯ ಎರಡು ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸುವ ಕ್ರಮವೂ ಇಂದು ರೂಢಿಯಲ್ಲಿದೆ. ಶಿಖರಕ್ಕೆ ಅದರಿಂದ ಅಪಚಾರ ಕಡಿಮೆ. ಆದರೆ ಗಾಳಿಗೆ ತೂಗುವ ತೆಂಗಿನ ಗರಿ ಎರಡು ಚಿತ್ರಗಳಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ಬಂಡೆಯ ಅಧ್ಯಯನಕ್ಕೆಂದು ತೆಗೆಯುವವರು ಶೋಧಕವಿಲ್ಲದ ಒಂದು ಪ್ರತಿಯನ್ನೂ ತೆಗೆದು, ಉಳಿದವುಗಳ ಅಡಿಯಲ್ಲಿ ಶೋಧಕದ ಸಾಂದ್ರತೆ, ಅಂಚಿನ ಬಗೆ, ಹಿಡಿದ ಹೊತ್ತು ಇಷ್ಟನ್ನು ಬರೆದಿಡತಕ್ಕದ್ದು.