ನೂರಾ ಆರನೆಯ ಕಾರ್ಡು

ಅಮೆರಿಕದ ಬಾಸ್ಟನ್ ನಗರದ ಗೌಡಿ ಗಮ್ ಕಂಪೆನಿ 1933ರಲ್ಲಿ ಮಕ್ಕಳಿಗೊಂದು ಆಸೆ ತೋರಿಸಿತು. ಒಂದು ಸೆಂಟ್ ಕೊಟ್ಟರೆ ಒಂದು ಚೂಯಿಂಗ್ ಗಮ್. ಅದರ ಪೊಟ್ಟಣದೊಳಗೆ ಬೇಸ್‌ಬಾಲ್ ಆಟಗಾರನೊಬ್ಬನ ಬಣ್ಣದ ಚಿತ್ರವಿರುವ ಪುಟ್ಟ ರಟ್ಟಿನ ಕಾರ್ಡು. ಬೆನ್ನಿಗೆ ಆಟಗಾರನ ಪರಿಚಯ, ಒಂದು ಕ್ರಮಸಂಖ್ಯೆ, ಜೊತೆಗೆ ಇದು 240 ಕಾರ್ಡುಗಳ ಸರಣಿ ಎಂಬ ಪ್ರಕಟಣೆ. ದೇಶವೇ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿದ್ದ ದಿನಗಳವು. ಆದರೂ ಹುಡುಗರು ಸೆಂಟಿಗೆ ಸೆಂಟು ಕೂಡಿಸಿ ಗಮ್ ಕೊಂಡರು, ಗೆಳೆಯರೊಡನೆ ಕಾರ್ಡುಗಳನ್ನು ಅದಲು ಬದಲು ಮಾಡಿಕೊಂಡರು. 105 ಸಿಕ್ಕಿತು, 107 ಸಿಕ್ಕಿತು. 106 ಮಾತ್ರ ಯಾರಿಗೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆ ವರ್ಷ ಕಂಪೆನಿ ಅದನ್ನು ಅಚ್ಚು ಹಾಕಿಸಿಯೇ ಇರಲಿಲ್ಲ!

ದೂರಿನ ಪತ್ರಗಳು ಬಂದವು. 1934ರಲ್ಲಿ ಕಂಪೆನಿ 106ನೆಯ ಕಾರ್ಡನ್ನು ಮುದ್ರಿಸಿ, ಪತ್ರ ಬರೆದವರಿಗೆ ಅಂಚೆಯಲ್ಲಿ ಕಳಿಸಿಕೊಟ್ಟಿತು. ಅದರಲ್ಲಿದ್ದ ಆಟಗಾರ ನೆಪೋಲಿಯನ್ ಲಾಜೊವೆ, 1916ರಲ್ಲೇ ಮೇಜರ್ ಲೀಗ್ ಆಟದಿಂದ ನಿವೃತ್ತನಾಗಿದ್ದವನು. ಬರೆಯದೆ ಸುಮ್ಮನಿದ್ದವರ ಸರಣಿ 239ಕ್ಕೇ ನಿಂತಿತು. ಮಕ್ಕಳು ಹುಡುಕುತ್ತಲೇ ಇರಲಿ, ಗಮ್ ಮಾರಾಟವಾಗುತ್ತಲೇ ಇರಲಿ ಎಂಬ ಲೆಕ್ಕಾಚಾರ ಇದರ ಹಿಂದೆ ಇತ್ತೆಂಬುದು ಸಂಗ್ರಾಹಕರ ಬಲವಾದ ನಂಬಿಕೆ. ಇಂದು ಲಾಜೊವೆಯ ಆ ಕಾರ್ಡು ಬೇಕೆಂದರೆ ಹತ್ತಾರು ಸಾವಿರ ಡಾಲರ್ ತೆರಬೇಕು.

ಹೀಗಾಗಿ 239 ಕಾರ್ಡುಗಳನ್ನು ಕೂಡಿಸಿಟ್ಟವನ ಮುಂದೆ ಒಂದು ಪ್ರಶ್ನೆ ಉಳಿಯುತ್ತದೆ. ಉಳಿದ ಒಂದಕ್ಕಾಗಿ ಗಂಟು ಕರಗಿಸಬೇಕೆ, ಇಲ್ಲಿಗೆ ಸಾಕೆನ್ನಬೇಕೆ? ಇದು ಒಬ್ಬಿಬ್ಬರ ಹುಚ್ಚಿನ ಮಾತಲ್ಲ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಹೀಗೆ ಏನನ್ನೇ ಕೂಡಿಹಾಕುವವರೂ ಒಂದಲ್ಲ ಒಂದು ದಿನ ಈ ಕವಲುದಾರಿಗೆ ಬಂದು ನಿಲ್ಲುತ್ತಾರೆ.

ಕೊನೆಯದೇ ಏಕೆ ದುಬಾರಿ?

ಮೋಸವೇ ಇಲ್ಲದಿದ್ದರೂ ಕೊನೆಯ ಕಾರ್ಡು ಸುಲಭದ್ದಲ್ಲ. 240 ಬಗೆಯ ಕಾರ್ಡುಗಳೂ ಸಮಪ್ರಮಾಣದಲ್ಲಿ ಬೆರೆತಿವೆ, ಪೊಟ್ಟಣ ಒಡೆಯದೆ ಒಳಗಿನದು ಗೊತ್ತಾಗದು, ಬದಲಾಯಿಸಿಕೊಳ್ಳಲು ಗೆಳೆಯರೂ ಇಲ್ಲ ಎಂದಿಟ್ಟುಕೊಳ್ಳೋಣ. ಸಂಭವನೀಯತೆಯ ಗಣಿತದ ಪ್ರಕಾರ ಮೊದಲ 120 ಬಗೆಗಳು ಕೂಡಲು ಸರಾಸರಿ 166 ಪೊಟ್ಟಣ ಸಾಕು. 240ನ್ನೂ ಕೂಡಿಸಬೇಕಾದರೆ ಸುಮಾರು 1,450 ಬೇಕು. ಅದರಲ್ಲಿ ಕಟ್ಟಕಡೆಯ ಒಂದೇ ಒಂದು ಕಾರ್ಡಿಗೆ 240 ಪೊಟ್ಟಣ! ಅರ್ಧ ಸರಣಿ ಕೂಡಿಸಲು ತಗಲಿದ್ದಕ್ಕಿಂತ ಹೆಚ್ಚಿನ ಖರ್ಚು ಒಂದು ಕಾರ್ಡಿಗೆ ಹೋಗುತ್ತದೆ.

ಇದರ ಮೇಲೆ ವ್ಯಾಪಾರದ ಏರುಪೇರು ಬೇರೆ. ಟಾಪ್ಸ್ ಕಂಪೆನಿ 1952ರಲ್ಲಿ 407 ಕಾರ್ಡುಗಳ ಸರಣಿ ಹೊರತಂದಿತು. 311ರಿಂದ ಮುಂದಿನ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಹುಡುಗರ ಮನಸ್ಸು ಬೇರೆ ಆಟಕ್ಕೆ ಹಾರಿತ್ತು. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆವೆಂದು ಆ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಮುಂದೆ ಹೇಳಿಕೊಂಡರು. ಅದೇ ಕಂತಿನ 311ನೆಯ ಕಾರ್ಡು ಮಿಕ್ಕಿ ಮ್ಯಾಂಟಲ್‌ನದು. ಹೊಸದರಂತೆ ಉಳಿದಿದ್ದ ಅದರ ಒಂದು ಪ್ರತಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು.

ಪೂರ್ಣ ಎಂದರೆ ಎಷ್ಟು?

ಸಂಗ್ರಾಹಕರು 'ರಾಕ್ಷಸ' ಎಂದೇ ಕರೆಯುವ ಸರಣಿಯೊಂದಿದೆ. ಅಮೆರಿಕನ್ ಟೊಬ್ಯಾಕೊ ಕಂಪೆನಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕುಗಳಲ್ಲಿ ಇಟ್ಟು ಹಂಚಿದ ಟಿ-206. ಅದರಲ್ಲಿ 524 ಕಾರ್ಡುಗಳೆಂದು ಬಹುಕಾಲದಿಂದ ನಡೆದುಬಂದ ಲೆಕ್ಕ. ಆದರೆ ನಾಲ್ಕು ಕಾರ್ಡುಗಳು ಬಹುತೇಕರ ಕೈಗೆ ಎಟುಕುವುದೇ ಇಲ್ಲ. ಹೋನಸ್ ವ್ಯಾಗ್ನರ್‌ನ ಚಿತ್ರ ಬಳಸಲು ಅವನ ಒಪ್ಪಿಗೆ ಇರಲಿಲ್ಲವಾದ್ದರಿಂದ ಅವನ ಕಾರ್ಡಿನ ಮುದ್ರಣ ಬೇಗನೆ ನಿಂತಿತು. ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ, ಎಂದರೆ 50 ಕೋಟಿ ರೂಪಾಯಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಎಡ್ಡಿ ಪ್ಲ್ಯಾಂಕ್‌ನ ಕಾರ್ಡೂ ಅಪರೂಪದ್ದೇ. ಉಳಿದೆರಡು ಅಚ್ಚಿನ ತಪ್ಪಿನಿಂದ ಬೆಲೆ ಪಡೆದವು. ಷೆರ್ರಿ ಮೆಗೀ ಎಂಬವನ ಹೆಸರಿನ ಕಾಗುಣಿತ ಕೆಟ್ಟಿದೆ. ಜೋ ಡಾಯ್ಲ್‌ನ ಕಾರ್ಡಿನಲ್ಲಿ ಅವನ ತಂಡದ ಲೀಗಿನ ಹೆಸರು ತಪ್ಪಾಗಿದೆ.

ಇದಕ್ಕೆ ಸಂಗ್ರಾಹಕರು ಕಂಡುಕೊಂಡ ಉಪಾಯ ಸರಳ. ನಾಲ್ಕನ್ನು ಲೆಕ್ಕದಿಂದ ತೆಗೆದು, 520 ಕೂಡಿಸಿದವನ ಸರಣಿಯೂ ಪೂರ್ಣವೆಂದು ತಮ್ಮ ತಮ್ಮಲ್ಲೇ ಒಪ್ಪಿಕೊಂಡರು. ಎಟುಕದ ದ್ರಾಕ್ಷಿ ಹುಳಿ ಎಂಬ ನರಿಯ ಮಾತಿದು ಎಂದು ನಗುವವರುಂಟು. ಆದರೆ 240 ಎಂಬ ಗೆರೆಯನ್ನು ಎಳೆದವರು ಗಮ್ ಮಾರುವವರು; 524 ಎಂಬ ಲೆಕ್ಕದಲ್ಲಿ ಅಚ್ಚಿನ ತಪ್ಪುಗಳೂ ಸೇರಿವೆ. ಮಾರುವವನಿಗೆ ಗೆರೆ ಎಳೆಯುವ ಹಕ್ಕಿದ್ದರೆ, ಕೊಳ್ಳುವವನಿಗೆ ಏಕಿರಬಾರದು?

ಹಣದ ಮಾತಿಗೆ ಬಂದರೆ, ಪೂರ್ಣ ಸರಣಿಗೆ ಬೆಲೆ ತಾನಾಗಿ ಏರುತ್ತದೆಂಬ ನಂಬಿಕೆ ಎಲ್ಲ ಸಲವೂ ನಿಜವಾಗುವುದಿಲ್ಲ. ಹರಾಜಿನವರು ಎಷ್ಟೋ ಬಾರಿ ಸರಣಿಯನ್ನು ಒಡೆದು, ಹೆಸರಾಂತ ಆಟಗಾರರ ಕಾರ್ಡುಗಳನ್ನು ಬಿಡಿಯಾಗಿ ಮಾರುತ್ತಾರೆ. 'ಇಷ್ಟು ಖರ್ಚು ಮಾಡಿದ್ದೇನೆ, ಇನ್ನೊಂದಕ್ಕೆ ಹಿಂಜರಿದರೆ ಹೇಗೆ' ಎಂಬುದು ಇನ್ನೊಂದು ಬಲೆ. ಹೋದ ಹಣ ಹೋಯಿತು. 106 ಕೊಂಡರೂ ಅದು ಮರಳದು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಸರಣಿಯ ಮಾತು ಬಿಟ್ಟು, ಆ ಕಾರ್ಡು ಒಂದೇ ಎದುರಿಗೆ ಬಂದಿದ್ದರೂ ಈ ಬೆಲೆಗೆ ಅದು ಬೇಕೆನಿಸುತ್ತಿತ್ತೆ? ಹೌದೆಂದಾದರೆ, ಸಂಸಾರದ ಹಣಕ್ಕೆ ಕೈ ಹಾಕದೆ ಕೊಳ್ಳಲಿ. ಕಾಡುತ್ತಿರುವುದು ಆಲ್ಬಮ್ಮಿನ ಖಾಲಿ ಜಾಗ ಮಾತ್ರ ಎಂದಾದರೆ, ಕೊಂಡ ಮರುದಿನವೇ ಇನ್ನೊಂದು ಸರಣಿಯ ಖಾಲಿ ಜಾಗ ಕಾಣಿಸಿಕೊಳ್ಳುವುದು ಖಂಡಿತ.

ಟಿ-206 ಎಂಬ ಹೆಸರನ್ನು ಕೊಟ್ಟ ಜೆಫರ್ಸನ್ ಬರ್ಡಿಕ್ ಈ ಗೊಂದಲವನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡರು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಪಟ್ಟಣದ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದವರು ಅವರು. ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾಗಿದ್ದವು. ಅಮೆರಿಕದ ಕಾರ್ಡುಗಳಿಗೆಲ್ಲ ಮೊದಲ ದೊಡ್ಡ ಪಟ್ಟಿ ತಯಾರಿಸಿದ ಅವರಿಗೆ, ಎಲ್ಲವನ್ನೂ ಕೂಡಿಸುವುದು ಯಾರಿಂದಲೂ ಆಗದ ಕೆಲಸವೆಂಬುದು ಇತರರಿಗಿಂತ ಚೆನ್ನಾಗಿ ತಿಳಿದಿದ್ದಿರಬೇಕು. ಮೂರು ಲಕ್ಷಕ್ಕೂ ಮಿಗಿಲಾದ ತಮ್ಮ ಕಾಗದದ ಸಂಪತ್ತನ್ನು ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನ ಮಾಡಿದರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು. ವ್ಯಾಗ್ನರ್ ಕೂಡ ಇದ್ದಾನೆ. ಅಲ್ಲಿಯೇ ಕುಳಿತು ವರ್ಷಗಟ್ಟಲೆ ಅವುಗಳನ್ನು ಆಲ್ಬಮ್ಮುಗಳಿಗೆ ಅಂಟಿಸಿದರು. ಅಂಟು ತಗಲಿದ ಕಾರ್ಡಿಗೆ ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತದೆ. ಆದರೆ ಬರ್ಡಿಕ್ ಮಾರಲು ಕೂಡಿಸಿದವರಲ್ಲ, ಮುಂದಿನವರು ನೋಡಲೆಂದು ಕೂಡಿಸಿದವರು. 1963ರ ಜನವರಿಯಲ್ಲಿ ಅಂಟಿಸುವ ಕೆಲಸ ಮುಗಿಯಿತು. ಎರಡು ತಿಂಗಳ ನಂತರ, ಮಾರ್ಚಿಯಲ್ಲಿ, ಅವರು ತೀರಿಕೊಂಡರು.