ಮೊಂಡು ಬ್ಲೇಡು ಎಲ್ಲಿಗೆ ಹೋಗುತ್ತದೆ?

ಗಡ್ಡ ಹೆರೆದುಕೊಳ್ಳುವಾಗ ಕೆನ್ನೆ ಉರಿದರೆ ಗಂಡಸು ಮೊದಲು ಬೈಯುವುದು ಬ್ಲೇಡಿಗೆ. ಅದು ಬಾಯಿಲ್ಲದ ವಸ್ತು, ಎದುರುತ್ತರ ಕೊಡುವುದಿಲ್ಲ. ಆದರೆ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಆಸುಪಾಸಿನ ಹಳ್ಳಿಯಲ್ಲಿ ನಾಲ್ಕು ದಿನ ಇದ್ದು ಬಂದವರಿಗೆ ಈ ಬೈಗುಳದಲ್ಲಿ ಬೇರೆಯವರಿಗೂ ಪಾಲು ಸಲ್ಲಬೇಕೆಂಬುದು ತಿಳಿಯುತ್ತದೆ. ನನ್ನ ಚಿಕ್ಕಪ್ಪನ ಮನೆ ಇರುವುದು ಅಲ್ಲಿಯೇ. ಬೆಂಗಳೂರಿನಲ್ಲಿ ಐದಾರು ದಿನ ಬಾಳುವ ಬ್ಲೇಡು, ಅದೇ ಪೊಟ್ಟಣದಿಂದ ತೆಗೆದದ್ದು, ಅಲ್ಲಿ ಎರಡನೆಯ ದಿನಕ್ಕೇ ಚರ್ಮ ಕೆರೆಯತೊಡಗುತ್ತದೆ. "ನಿಮ್ಮ ಪ್ಯಾಟಿ ಬ್ಲೇಡಿಗೆ ನಮ್ಮ ನೀರು ಒಗ್ಗಲ್ಲ ಕಣಪ್ಪ" ಎಂದು ಚಿಕ್ಕಪ್ಪ ನಗುತ್ತಾರೆ.

ಅವರು ತಮಾಷೆಗೆ ಹೇಳಿದರೂ ಮಾತು ನಿಜ. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಮಳೆ ಅತಿ ಕಡಿಮೆ ಬೀಳುವ ಸೀಮೆ. ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ಕರಗದ ಜಿಡ್ಡಾಗುತ್ತವೆ; ನೊರೆ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ಅಲಗಿಗೂ ಚರ್ಮಕ್ಕೂ ನಡುವೆ ಜಾರಿಕೆ ಉಂಟುಮಾಡುವ ನೊರೆಯೇ ಇಲ್ಲದಿದ್ದರೆ ಎಂಥ ಬ್ಲೇಡೂ ಕೆಟ್ಟದ್ದೇ. ಈ ನೀರನ್ನು ಕುದಿಸಿ ಆರಿಸಿದರೆ ಗಡಸುತನ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಈಗ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಆ ಕ್ಯಾನಿನ ಒಂದು ಲೋಟ ನೀರನ್ನು ಗಡ್ಡಕ್ಕೆ ಮೀಸಲಿಟ್ಟರೆ ಅರ್ಧ ತೊಂದರೆ ನೀಗುತ್ತದೆ. ಕುಡಿಯುವ ನೀರಿನಲ್ಲಿ ಗಡ್ಡವೇ ಎಂದು ಚಿಕ್ಕಮ್ಮ ಒಂದು ಮಾತು ಆಡಿಯೇ ಆಡುತ್ತಾರೆ, ಆಡಿಸಿಕೊಳ್ಳಬೇಕು.

ಉಳಿದರ್ಧ ನಮ್ಮ ಕೈಯದು. ಕೂದಲಿಗಿಂತ ಸುಮಾರು 50 ಪಟ್ಟು ಗಡಸಾದ ಉಕ್ಕು ಕೂದಲನ್ನು ಕತ್ತರಿಸಿಯೇ ಮೊಂಡಾಗುವುದು ಹೇಗೆ? ಅಮೆರಿಕದ ಎಂ.ಐ.ಟಿ. ಸಂಶೋಧಕರು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅಲಗು ಸವೆದು ದುಂಡಗಾಗುವುದು ಮಾತ್ರವಲ್ಲ, ಅಲ್ಲಲ್ಲಿ ಸೂಕ್ಷ್ಮವಾಗಿ ಚಕ್ಕೆ ಏಳುತ್ತದೆ. ಉಕ್ಕಿನ ಒಳರಚನೆ ಎಲ್ಲೆಡೆ ಏಕರೀತಿಯಾಗಿಲ್ಲದ ಕಡೆ, ಕೂದಲು ಬಾಗಿ ಓರೆಯಾಗಿ ತಾಗಿದರೆ ಅಂಚು ಮುರಿಯುತ್ತದೆ. ಒಮ್ಮೆ ಒಂದು ಚಕ್ಕೆ ಎದ್ದರೆ ಮುಂದೆ ಪ್ರತಿ ಎಳೆತಕ್ಕೂ ಚರ್ಮಕ್ಕೆ ಗೀರು. ಆದ್ದರಿಂದ ಕೂದಲನ್ನು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ ಮೆತ್ತಗೆ ಮಾಡಿಕೊಳ್ಳುವುದು ಶೋಕಿಯಲ್ಲ. ಬ್ಲೇಡನ್ನು ಟವೆಲಿಗೆ ಒರೆಸದೆ ಜಾಡಿಸಿ ಒಣಗಿಸಬೇಕು. ಎಳೆಯತೊಡಗಿದ ಬ್ಲೇಡನ್ನು ಇನ್ನಷ್ಟು ಒತ್ತಿ ದುಡಿಸುವವರಿದ್ದಾರೆ. ಒತ್ತಿದಷ್ಟೂ ಅದು ಕೊಯ್ಯುತ್ತದೆ. ಸಂತೆಯಲ್ಲಿ ಹೆಸರಾಂತ ಬ್ಲೇಡಿನ ಹೆಸರಿಗೆ ಒಂದಕ್ಷರ ಅದಲುಬದಲು ಮಾಡಿ ಮಾರುವ ಪೊಟ್ಟಣಗಳಿಗೆ ಮಾತ್ರ ಯಾವ ಉಪಚಾರವೂ ಇಲ್ಲ. ಅವು ಮೊದಲ ದಿನವೇ ಮೊಂಡು.

ಈ ಬೆಟ್ಟದ ಸೀಮೆಗೆ ಕಬ್ಬಿಣದ ನಂಟು ಹೊಸದಲ್ಲ. ಹತ್ತಿರದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಸಲಕರಣೆಗಳು ಸಿಕ್ಕವು. ಜಟಿಂಗ ರಾಮೇಶ್ವರ, ಬ್ರಹ್ಮಗಿರಿ, ಸಿದ್ದಾಪುರ ಈ ಮೂರೆಡೆ ಇರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಕೊನೆಗೆ ಸೇರಿಸಿದ್ದಾನೆ. ಅದನ್ನು ಬಂಡೆಯಲ್ಲಿ ಕೊರೆದವರ ಉಳಿ ದಿನಕ್ಕೆ ಎಷ್ಟು ಸಲ ಮೊಂಡಾಗಿ, ಎಷ್ಟು ಸಲ ಕುಲುಮೆಗೆ ಹೋಗಿ ಬಂದಿತೋ! ಮೊಂಡಾದದ್ದನ್ನು ಮಸೆದು ಮತ್ತೆ ಬಳಸುವುದೇ ಆಗಿನ ರೀತಿ. ಕ್ಷೌರಿಕರ ಹಡಪದಲ್ಲಿ ಕತ್ತಿಯ ಜೊತೆಗೆ ಸಾಣೆಕಲ್ಲೂ ಚರ್ಮದ ಪಟ್ಟಿಯೂ ಇರುತ್ತಿದ್ದುದು ಅದಕ್ಕಾಗಿಯೇ.

ಕಿಂಗ್ ಜಿಲೆಟ್ ಮಾರುಕಟ್ಟೆಗೆ ತಂದದ್ದು ಮಸೆಯಲಾಗದ, ಎಸೆಯಲೆಂದೇ ಮಾಡಿದ ಅಲಗನ್ನು. 1903ರಲ್ಲಿ ಅವನು ಮಾರಿದ್ದು 51 ರೇಜರ್, 168 ಬ್ಲೇಡು. ಮರುವರ್ಷ ಬ್ಲೇಡುಗಳ ಸಂಖ್ಯೆ ಲಕ್ಷ ದಾಟಿತು. ಅದು ನಮ್ಮಲ್ಲಿಗೆ ಬಂದಾಗ ಸೌಕರ್ಯವಷ್ಟೇ ಆಗಿರಲಿಲ್ಲ. ಹಳ್ಳಿಯ ಕ್ಷೌರದ ಕಟ್ಟೆ ಯಾರಿಗೆ ಮುಚ್ಚಿತ್ತೋ ಆ ಜಾತಿಗಳವರಿಗೆ ತಮ್ಮ ಕೈಯಲ್ಲೇ ತಮ್ಮ ಗಡ್ಡ ತೆಗೆದುಕೊಳ್ಳುವ ಒಂದು ಬಿಡುಗಡೆಯೂ ಅದರಲ್ಲಿತ್ತು. ಇಂಥ ನಿರಾಕರಣೆಯನ್ನು 1955ರ ಕಾಯ್ದೆಯೇ ಅಪರಾಧವೆಂದರೂ ಕರ್ನಾಟಕದ ಹಳ್ಳಿಗಳಿಂದ ಆ ಸುದ್ದಿ ಇಂದಿಗೂ ಬರುತ್ತಲೇ ಇದೆ.

ಎಸೆಯಲೆಂದು ಮಾಡಿದ ವಸ್ತುವನ್ನು ಎಸೆಯಲು ನಮಗೆ ಮನಸ್ಸು ಬಾರದು. ಏಡ್ಸ್ ಭೀತಿಯ ದಿನಗಳಲ್ಲಿ ಸಲೂನುಗಳಲ್ಲಿ ಮಸೆಯುವ ಕತ್ತಿ ಹಿಂದೆ ಸರಿದು, ಗಿರಾಕಿಗೊಂದು ಅರ್ಧ ಬ್ಲೇಡು ಹಾಕುವ ಹಿಡಿಕೆ ಬಂತು. ಅದು ಒಳ್ಳೆಯದೇ ಆಯಿತು. ಕಣ್ಣಿಗೆ ಕಾಣದಷ್ಟು ಒಣರಕ್ತದಲ್ಲಿಯೂ ಹೆಪಟೈಟಿಸ್ ಬಿ ವೈರಾಣು ಕನಿಷ್ಠ ಏಳು ದಿನ ಬದುಕಿರಬಲ್ಲದು. ಆದರೂ ಜನ ಹೆಚ್ಚಿದ ಜಾತ್ರೆಯ ದಿನ ಒಂದೇ ಅರ್ಧ ಬ್ಲೇಡು ಮೂರು ಕೆನ್ನೆ ಕಂಡದ್ದನ್ನು ನಾನು ನೋಡಿದ್ದೇನೆ. ತಪ್ಪು ಕ್ಷೌರಿಕನೊಬ್ಬನದೇ ಅಲ್ಲ. "ಹೊಸದು ಹಾಕಪ್ಪ" ಎಂದು ಕೇಳಲು ಸಂಕೋಚಪಡುವ, ಐದು ರೂಪಾಯಿ ಹೆಚ್ಚಾದರೆ ಜಗಳಕ್ಕೆ ನಿಲ್ಲುವ ಗಿರಾಕಿಯದೂ ಹೌದು.

ಇನ್ನು ಮನೆಯಲ್ಲಿ. ಗಡ್ಡಕ್ಕೆ ಆಗದ ಬ್ಲೇಡು ಪೆನ್ಸಿಲ್ ಹೆರೆಯಲು, ಹೊಲಿಗೆ ಬಿಚ್ಚಲು, ಉಗುರು ತೆಗೆಯಲು ಬರುತ್ತದೆ. ಬಚ್ಚಲಿನ ಕಿಟಕಿಯ ಮೇಲೆ ಕೆಲವು ತಿಂಗಳು ಕೂತಿರುತ್ತದೆ. ಆಮೇಲೆ ಯಾರೋ ಗುಡಿಸುತ್ತಾರೆ. ನಗರದಲ್ಲಾದರೆ ಅದು ಕಸ ಬೇರ್ಪಡಿಸುವ ಹೆಂಗಸಿನ ಕೈಗೆ ಹೋಗುತ್ತದೆ. ಆ ಕೈಗೆ ಗ್ಲೌಸ್ ಇದ್ದರೂ ಬ್ಲೇಡಿಗೆ ಅದು ಲೆಕ್ಕವಲ್ಲ. ಚಿಕ್ಕಪ್ಪನ ಊರಿನಲ್ಲಿ ತಿಪ್ಪೆಗೆ ಹೋಗುತ್ತದೆ. ತಿಪ್ಪೆಯ ಗೊಬ್ಬರ ಮುಂಗಾರಿಗೆ ಮುಂಚೆ ಹೊಲಕ್ಕೆ ಹೋಗುತ್ತದೆ. ಚಳ್ಳಕೆರೆಯನ್ನು ಎಣ್ಣೆಯ ಊರು ಮಾಡಿದ್ದು ಈ ಸೀಮೆಯ ಶೇಂಗಾ. ಗಿಡ ಕಿತ್ತ ಮೇಲೆ ಮಣ್ಣಿನಲ್ಲುಳಿದ ಕಾಯನ್ನು ಹೆಂಗಸರು ಬರಿಗೈಯಲ್ಲಿ ಕೆದಕಿ ಆಯುತ್ತಾರೆ. ಒಂದು ದೀಪಾವಳಿಯ ಹೊತ್ತಿಗೆ ಆ ಹೊಲದಲ್ಲಿ ಬೆರಳಿಗೆ ಸೀರೆಯ ಚೂರು ಸುತ್ತಿಕೊಂಡಿದ್ದವರೊಬ್ಬರನ್ನು ಏನಾಯಿತೆಂದು ಕೇಳಿದೆ. "ಬ್ಲೇಡ್ ಕೊಯ್ತಣ್ಣ, ಯಾರದ್ದೋ ಏನೋ" ಎಂದರು. ಆ ದಿನದ ಕೂಲಿ ಹೋಯಿತು. ಧನುರ್ವಾಯು ತಡೆಯುವ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಲು ಇನ್ನರ್ಧ ದಿನ. ಆ ಊರಿನಲ್ಲಿ ಗಡ್ಡ ಹೆರೆದುಕೊಳ್ಳುವವರೆಲ್ಲ ಗಂಡಸರು, ಶೇಂಗಾ ಆಯುವವರೆಲ್ಲ ಹೆಂಗಸರು.

ಪರಿಹಾರಕ್ಕೆ ಯೋಜನೆಯೂ ಬೇಡ, ಅನುದಾನವೂ ಬೇಡ. ಮುಚ್ಚಳವಿರುವ ತಗಡಿನ ಡಬ್ಬಿಯೊಂದರ ನೆತ್ತಿಗೆ ಬ್ಲೇಡು ತೂರುವಷ್ಟು ಸೀಳು ಕೊರೆದು, ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ ಬಚ್ಚಲಿನಲ್ಲಿಟ್ಟರಾಯಿತು. ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಕಾಫಿಪುಡಿಯ ಡಬ್ಬಿ ಒಬ್ಬನಿಗೆ ಹಲವು ವರ್ಷಕ್ಕೆ ಸಾಕು. ಚಿಕ್ಕಪ್ಪನ ಮನೆಗೆ ಒಂದು ಮಾಡಿಕೊಟ್ಟೆ. ಊರಿನ ಸಲೂನಿಗೆ ಇನ್ನೊಂದು. ಸಲೂನಿನದು ಆರು ತಿಂಗಳಿಗೇ ತುಂಬಿತು. ಗುಜರಿಯವನು ಅಲುಗಾಡಿಸಿ ನೋಡಿ, ಮುಚ್ಚಳ ತೆಗೆಯದೆಯೇ ತಕ್ಕಡಿಗೆ ಹಾಕಿ, ಕಬ್ಬಿಣದ ದರವನ್ನೇ ಕೊಟ್ಟನಂತೆ.