ಕನಿಕರಕ್ಕೂ ಬೇಕು ಹಾಜರಿ ಪುಸ್ತಕ

ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮೂವರು ಕೂಲಿಕಾರರನ್ನು ಪೈಪಿನಿಂದ ಬಡಿದ ವಿಡಿಯೊ 2025ರ ಜನವರಿಯಲ್ಲಿ ನಾಡೆಲ್ಲ ಹರಿದಾಡಿತು. ಮುಂಗಡ ಪಡೆದವರು ಸಂಕ್ರಾಂತಿಗೆ ಊರಿಗೆ ಹೋಗಿ ತಡಮಾಡಿದರು ಎಂಬುದೇ ಸಿಟ್ಟಿಗೆ ಕಾರಣವಾಗಿತ್ತು. ಅದಕ್ಕೂ ಮೊದಲು, 2023ರ ಡಿಸೆಂಬರ್ 4ರಂದು, ಇದೇ ನಗರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಕ್ಕು ಬಿಹಾರದ ಏಳು ಕಾರ್ಮಿಕರು ಸತ್ತರು. ಒಂದು ಹಲ್ಲೆ, ಇನ್ನೊಂದು ಅವಘಡ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಎರಡೂ ಕಡೆ ಊರಿನ ಕಣ್ಣು ಒಳಗೆ ಹಾಯ್ದದ್ದು ಅನಾಹುತ ಮುಗಿದ ಮೇಲೆ.

ತೋಟದ ಕತೆ ಬೇರೆ ಎನ್ನಿಸಬಹುದು. ಇದೇ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಕಳ್ಳಕವಟಗಿ ಸೀಮೆಯ ದ್ರಾಕ್ಷಿ ಪಡಗಳಲ್ಲಿ ಮಾಲೀಕನೆಂದರೆ ಕಂಪನಿಯಲ್ಲ, ಬಹುಪಾಲು ತಾನೂ ಮೈಮುರಿದು ದುಡಿಯುವ ರೈತ. ಆಳಿನ ಮನೆಯ ಮದುವೆಗೆ, ದವಾಖಾನೆಗೆ ಕೈಯೆತ್ತಿ ಕೊಡುವವರು ಇಲ್ಲಿ ಕಡಿಮೆಯಿಲ್ಲ. ತೊಡಕು ಹುಟ್ಟುವುದೂ ಅಲ್ಲಿಯೇ. ಬರಹವಿಲ್ಲದ ಆ ಉಪಕಾರ ಮುಂದಿನ ಹಂಗಾಮಿಗೆ ಹಂಗಾಗುತ್ತದೆ, ಹಂಗು ಹಗ್ಗವಾಗುತ್ತದೆ. ದಯೆ ಧಣಿಯ ಮನಸ್ಸಿನಲ್ಲಷ್ಟೇ ಇದ್ದರೆ ಸಾಲದು, ನಿಯಮವಾಗಿ ಕಾಗದದ ಮೇಲಿರಬೇಕು ಎಂಬುದು ನನ್ನ ವಾದ. ಇದು ಆಗದ ಮಾತೇನಲ್ಲ. ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾ ಇದನ್ನು ನಮ್ಮ ಹಳ್ಳಿಗಳಲ್ಲೇ ಮಾಡಿ ತೋರಿಸಿತು. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. 2024-25ರಲ್ಲಿ ದಿನಕ್ಕೆ 349 ರೂಪಾಯಿ. ಹಿರಿಯರಿಗೆ, ಅಂಗವಿಕಲರಿಗೆ ಅರ್ಧ ಅಳತೆಯ ಕೆಲಸಕ್ಕೆ ಪೂರ್ತಿ ಪಗಾರ. ಕೆಲಸದ ಜಾಗದಲ್ಲಿ ನೆರಳು, ನೀರು, ಪ್ರಥಮ ಚಿಕಿತ್ಸೆ. ಐದು ಎಳೆಯ ಕೂಸುಗಳಿದ್ದರೆ ನೋಡಿಕೊಳ್ಳಲು ಒಬ್ಬಾಕೆ. ಹಾಜರಿ ಬರೆಯಲು ಕಾಯಕ ಬಂಧು, ಹಣ ನೇರ ಖಾತೆಗೆ. ಅರ್ಧ ಅಳತೆ ತೋಡಿದ ಮುದುಕಿ ಯಾರ ಮುಂದೆಯೂ ಕೈಮುಗಿಯಬೇಕಿರಲಿಲ್ಲ, ಅದು ಅವಳ ಹಕ್ಕಾಗಿತ್ತು.

ಕಾಗದದ ಮೇಲೆ ಎಲ್ಲ ಚೆಂದ, ನಕಲಿ ಹಾಜರಿ ನಡೆದದ್ದೂ ನರೇಗಾದಲ್ಲೇ ಅಲ್ಲವೆ ಎನ್ನಬಹುದು. ನಿಜ. ಆದರೆ ಕಳವು ಸಿಕ್ಕಿಬಿದ್ದದ್ದು ಪಟ್ಟಿ ಇತ್ತೆಂದು, ಸಾಮಾಜಿಕ ಪರಿಶೋಧನೆಯಲ್ಲಿ ಅದನ್ನು ಜನರೆದುರು ಓದಬೇಕಿತ್ತೆಂದು. ಪಟ್ಟಿಯೇ ಇಲ್ಲದ ಭಟ್ಟಿಯಲ್ಲಿ ಏನನ್ನು ಹಿಡಿಯುವುದು? ರೈತನ ಆಕ್ಷೇಪ ಇದಕ್ಕಿಂತ ತೂಕದ್ದು. ಹಣ್ಣು ಕೊಯ್ಲಿಗೆ ಬಂದಾಗ, ಮಣೂಕ (ಒಣದ್ರಾಕ್ಷಿ) ಶೆಡ್ಡಿನಲ್ಲಿ ಒಣಗುತ್ತಿರುವಾಗ ಅಕಾಲ ಮಳೆ ಸುರಿದರೆ ವರ್ಷದ ದುಡಿಮೆ ಮಣ್ಣುಪಾಲು. ಮುಂಗಡ ತಿಂದವನು ಆ ವೇಳೆಗೆ ಬಾರದಿದ್ದರೆ ನಷ್ಟ ಯಾರದು? ನಷ್ಟ ರೈತನದೇ, ಹೊಣೆಗಾರಿಕೆ ಆಳಿಗೂ ಉಂಟು. ಆದರೆ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ನಂತರ ಮುಂಗಡಕ್ಕಾಗಿ ಮನುಷ್ಯನನ್ನು ಒತ್ತೆಯಿಟ್ಟುಕೊಳ್ಳಲು ಬರುವುದಿಲ್ಲ. ಕೊಟ್ಟದ್ದೆಷ್ಟು, ಮುರಿದುಕೊಂಡದ್ದೆಷ್ಟು ಎಂದು ಇಬ್ಬರ ಸಹಿಯೊಂದಿಗೆ ಬರೆದಿಟ್ಟ ಲೆಕ್ಕ ಆಳಿಗಷ್ಟೇ ಅಲ್ಲ, ರೈತನಿಗೂ ರಕ್ಷೆ. ಮಾತಿನ ಮುಂಗಡಕ್ಕೆ ಯಾವ ಕಟ್ಟೆಯಲ್ಲೂ ಸಾಕ್ಷಿ ಸಿಗುವುದಿಲ್ಲ.

ಅಕ್ಟೋಬರಿನ ಚಾಟ್ನಿಗೆ, ಅಂದರೆ ಬಳ್ಳಿ ಸವರಲು, ಆಳು ಗೊತ್ತುಮಾಡುವ ತೋಟದವರು ಈ ಸಲ ಇಪ್ಪತ್ತು ರೂಪಾಯಿಯ ಒಂದು ನೋಟುಬುಕ್ಕು ಕೊಳ್ಳಲಿ. ಹೆಸರು, ದಿನ, ಪಗಾರ, ಮುಂಗಡ ಬರೆದು ವಾರಕ್ಕೊಮ್ಮೆ ಎಲ್ಲರೆದುರು ಓದಲಿ. ಔಷಧ ಹೊಡೆಯುವವನಿಗೆ ಕೈಗವಸು, ಮುಖಗವಸು ಕೊಟ್ಟ ತಾರೀಖೂ ಅದರಲ್ಲಿರಲಿ.